ಕತ್ತರಿಗೊಂದು ಹಾಡು, ಕಾಜಕ್ಕೊಂದು ಹಾಡು

ತಮ್ಮ ತೀರಿಕೊಂಡ ಸುದ್ದಿ ಬಂದಾಗ ಅಂಗಡಿಯಲ್ಲಿ ಹಾಡು ಓಡುತ್ತಿತ್ತು. ಲೈನಿಂಗ್ ಬಟ್ಟೆ, ದಾರ ತರಲು ಅವನು ಬೆಳಿಗ್ಗೆಯೇ ಸಗಟು ಪೇಟೆಗೆ ಹೋಗಿದ್ದ. ಅಲ್ಲಿ ಬಟ್ಟೆಯ ಮೂಟೆಯ ಮೇಲೆ ಕುಳಿತು ಕುಡಿಯಲು ನೀರು ಕೇಳಿದನಂತೆ. ನೀರು ಬರುವಷ್ಟರಲ್ಲಿ ತಲೆ ವಾಲಿತ್ತು. ವ್ಯಾಪಾರಿ ಮಾಡಿದ ಫೋನನ್ನು ಎತ್ತಿದವಳು ನಾನು. ಎತ್ತಿ ಆಡಿಸಿದ ತಮ್ಮನ ಸಾವನ್ನು ಅವನ ಹೆಂಡತಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮದು ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದೆ ಮನೆ. ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಬಾಗಿಲು. ತಮ್ಮ ದರ್ಜಿ. ಕತ್ತರಿಸುವ ಮೇಜಿನ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದ. ಅದರ ತುಂಬ ಹಾಡು. ಅಳತೆ ಕೊಡಲು ಬಂದವರು, ಬಟ್ಟೆ ಒಯ್ಯಲು ಬಂದವರು, ಎಲ್ಲರ ಪೆನ್‌ಡ್ರೈವ್ ಇಸಿದುಕೊಂಡು ಹಾಡು ಇಳಿಸಿಕೊಳ್ಳುತ್ತಿದ್ದ. ಕ್ಯಾಸೆಟ್ಟಿನ ಕಾಲದಿಂದ ಬೆಳೆದು ಬಂದ ಚಟ.

ಸುದ್ದಿ ಹರಡಿ ಜನ ಸೇರಿದರು. ಹಾಡು ಮಾತ್ರ ನಿಲ್ಲಲಿಲ್ಲ. ಅದೂ ಕುಣಿಯುವ ಹಾಡು.

"ಅದನ್ನ ಯಾರಾದ್ರೂ ನಿಲ್ಲಿಸ್ರಪ್ಪಾ!" ಎಂದು ನಾದಿನಿ, ಅಂದರೆ ತಮ್ಮನ ಹೆಂಡತಿ, ಕಿವಿ ಮುಚ್ಚಿಕೊಂಡಳು.

ಪಕ್ಕದ ಮನೆಯವನು ಸ್ವಿಚ್ ಆರಿಸಿದ. ಫ್ಯಾನ್ ನಿಂತಿತು, ಹಾಡು ನಿಲ್ಲಲಿಲ್ಲ. ಕಂಪ್ಯೂಟರಿಗೆ ಬ್ಯಾಟರಿ ಇತ್ತು. ಅಷ್ಟರಲ್ಲಿ ಹೊಲಿಗೆಯಕ್ಕ ಅಳುತ್ತ ಒಳಗೆ ಬಂದಳು. ಅಂಗಡಿಯ ಎರಡನೆಯ ಮೆಷಿನ್ ಅವಳದು. ತಮ್ಮನ ಮಕ್ಕಳು ಚಿಕ್ಕವರಿದ್ದಾಗಿನಿಂದ ನಮ್ಮಲ್ಲಿ ಹೊಲಿಯುತ್ತಿದ್ದಾಳೆ. ಗಂಡ ಬಿಟ್ಟು ಹೋದವನು, ಅವಳಿಗೆ ಮಕ್ಕಳಿಲ್ಲ. ಅವಳು ನೇರ ಮೂಲೆಗೆ ಹೋದಳು, ಮೌಸ್ ಸರಿಸಿದಳು, ಬೆರಳು ಒತ್ತಿದಳು. ಅಂಗಡಿ ನಿಶ್ಶಬ್ದವಾಯಿತು.

ನಾದಿನಿ ಮುಖದಿಂದ ಸೆರಗು ತೆಗೆದು ನನ್ನ ಕಡೆ ತಿರುಗಿದಳು.

"ನೋಡಿದ್ರಾ ಅತ್ತಿಗೆ. ಅವಳಿಗೆ ಗೊತ್ತಿದೆ."

ದುಃಖದಲ್ಲಿ ಏನೋ ಅಂದಳು ಎಂದುಕೊಂಡೆ. ಅದು ದುಃಖದ ಮಾತಲ್ಲ ಎಂದು ಆಮೇಲೆ ತಿಳಿಯಿತು.

*

ಬಂದವರೆಲ್ಲ ಹೋದ ಮೇಲೆ ಮನೆಯಲ್ಲಿ ಉಳಿದವರು ನಾವು ನಾಲ್ವರು. ನಾನು, ನಾದಿನಿ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು, ಶಾಲೆಯ ವ್ಯಾನ್ ಓಡಿಸುವ ಮಗ. ಇಬ್ಬರ ಸಂಬಳ ಸೇರಿದರೂ ಮನೆ ತೂಗುವುದಿಲ್ಲ. ಅಂಗಡಿ ನಡೆಯಲೇಬೇಕು. ಶಾಲೆಯ ಸಮವಸ್ತ್ರದ ಬಟ್ಟೆ ಆಗಲೇ ಬಂದು ಬಿದ್ದಿತ್ತು. ಹೊಲಿಗೆಯಕ್ಕ ಬಾಗಿಲು ತೆಗೆದು ಕುಳಿತಳು. ಇಷ್ಟು ದಿನ ಕತ್ತರಿ ತಮ್ಮನದು, ಹೊಲಿಗೆ ಅವಳದು. ಈಗ ಎರಡೂ ಅವಳ ತಲೆಯ ಮೇಲೆ.

ಮಗ ಒಂದು ಸಂಜೆ ಅಪ್ಪನ ಹಾಡುಗಳನ್ನು ಪೆನ್‌ಡ್ರೈವ್‌ಗೆ ತುಂಬಿಸಿಕೊಂಡು ಹೋದ. ಮಾರನೆಯ ದಿನ ಊಟಕ್ಕೆ ಕುಳಿತಾಗ ನಗುತ್ತಿದ್ದ.

"ಅಕ್ಕ, ಅಪ್ಪ ಅದರಲ್ಲಿ ಏನೇನೋ ಬರೆದಿದ್ದಾರೆ ಕಣೇ. ವ್ಯಾನಲ್ಲಿ ಹಾಕಿದ್ರೆ ಹಾಡಿನ ಬಗೆ ಅಂತ ತೋರಿಸುತ್ತಲ್ಲ, ಅಲ್ಲಿ 'ಇಸ್ತ್ರಿ' ಅಂತ ಬರುತ್ತೆ. ಇನ್ನೊಂದಕ್ಕೆ 'ಕಾಜ'. ಮಕ್ಕಳು ನನ್ನನ್ನ ಇಸ್ತ್ರಿ ಅಂಕಲ್ ಅಂತ ಕರೀತಿದ್ದಾರೆ."

"ಹಾಡಿಗೂ ಇಸ್ತ್ರಿಗೂ ಏನೋ ಸಂಬಂಧ?" ಎಂದೆ.

ಮಗಳು ಬಿಡಿಸಿ ಹೇಳಿದಳು. "ಪ್ರತಿ ಹಾಡಿನ ಹಿಂದೆ ಒಂದು ಚೀಟಿ ಇರುತ್ತೆ ಅತ್ತೆ. ಹೊಲಿಯೋಕೆ ಬಂದ ಬಟ್ಟೆಗೆ ಅಪ್ಪ ಹೆಸರು ಬರೆದು ಸಿಕ್ಕಿಸ್ತಿದ್ರಲ್ಲ, ಹಾಗೆ. ಹಾಡಿದೋರು ಯಾರು, ಯಾವ ವರ್ಷದ್ದು, ಯಾವ ಬಗೆಯದು, ಎಲ್ಲ ಬರೀಬಹುದು. ಅಪ್ಪ ಬಗೆ ಅನ್ನೋ ಜಾಗದಲ್ಲಿ ಕೆಲಸ ಬರೆದಿದ್ದಾರೆ. ಯಾವ ಕೆಲಸ ಮಾಡುವಾಗ ಯಾವ ಹಾಡು ಅಂತ."

ಊಟ ಮುಗಿಸಿ ಅಂಗಡಿಗೆ ಹೋಗಿ ನೋಡಿದೆವು. ನಿಜ. ಕತ್ತರಿಗೆ ನಿಧಾನದ ಹಾಡುಗಳು. ಕೈ ಅವಸರ ಮಾಡಬಾರದಲ್ಲ. ಪರದೆ, ಲಂಗದಂಥ ಉದ್ದ ಹೊಲಿಗೆಗೆ ಓಡುವ ಹಾಡುಗಳು. ಗುಂಡಿ ತೂರುವ ಕಾಜ ಹೊಲಿಯಲು ಕೊಳಲು, ಪಿಟೀಲು, ಮಾತಿಲ್ಲ. ಇಸ್ತ್ರಿಗೆ ತಮಾಷೆಯವು.

"ದೇವರ ಹಾಡು ಎಲ್ಲಿಟ್ಟಿದ್ದಾನೆ?" ಎಂದು ಕೇಳಿದೆ.

ಮಗಳು ಹುಡುಕಿ ಬೆರಳಿಟ್ಟು ತೋರಿಸಿದಳು. ನಾನೇ ಬಗ್ಗಿ ಓದಿದೆ. 'ಬಿಚ್ಚೋದು' ಎಂದು ಬರೆದಿತ್ತು.

"ಬಿಚ್ಚೋದು! ದೇವರ ಹಾಡನ್ನ ಬಿಚ್ಚೋ ಕೆಲಸಕ್ಕೆ ಇಟ್ಟನಾ ಪುಣ್ಯಾತ್ಮ?"

ಹೊಲಿಗೆಯಕ್ಕ ಮೆಷಿನ್ ಮುಚ್ಚುತ್ತಿದ್ದವಳು ತಿರುಗಿದಳು. "ತಪ್ಪು ಹೊಲಿಗೆ ಬಿಚ್ಚೋವಾಗ ಸಿಟ್ಟು ಬರುತ್ತೆ ಅಕ್ಕ. ಬಟ್ಟೆ ಹರಿಯುತ್ತೆ. ಅದಕ್ಕೇ ಮಾಸ್ಟರ್ ಆಗ ದೇವರ ಹಾಡು ಹಾಕೋರು."

ನಾನು ನಕ್ಕೆ. ಮಗಳೂ ನಕ್ಕಳು. ನಾದಿನಿ ನಗಲಿಲ್ಲ.

"ಮನೆ ಅಂತ ಯಾವುದಾದ್ರೂ ಇದೆಯಾ, ನೋಡು," ಎಂದಳು ಮಗಳಿಗೆ.

"ಇಲ್ಲಮ್ಮ."

"ಸರಿಯಾಗಿ ನೋಡು."

"ನೋಡಿದೆ. ಇಲ್ಲ."

"ಹಾಗಾದ್ರೆ ಸಾವಿರಾರು ಹಾಡು, ಎಲ್ಲ ಅಂಗಡಿದು," ಎಂದಳು. ಹೊಲಿಗೆಯಕ್ಕನ ಕಡೆ ನೋಡಲೇ ಇಲ್ಲ. "ಮನೆ ಒಳಗೆ ಬಂದ್ರೆ ಬಾಯಿಗೆ ಬೀಗ. ಒಂದು ದಿನ ಗುನುಗಿದ್ದೂ ಕಾಣೆ. ಊಟ, ನಿದ್ದೆ. ನನ್ನ ಪಾಲಿಗೆ ಬಂದಿದ್ದು ಗೊರಕೆ."

ಬೆಳಗಾದ ಮೇಲೆ ಮಗನ ಕೈಯಲ್ಲಿ ಕಂಪ್ಯೂಟರ್, ಸ್ಪೀಕರ್, ಬ್ಯಾಟರಿ ಎಲ್ಲವನ್ನೂ ಒಳಗೆ ಹೊರಿಸಿದಳು. ಅಡುಗೆಮನೆಯ ಪಕ್ಕದ ಕಪಾಟಿನ ಮೇಲೆ ಅವು ಕುಳಿತವು. ಅಂಗಡಿಯಲ್ಲಿ ಮೆಷಿನ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

*

ಮಗಳಿಗೆ ಯಾವುದೂ ಅಡ್ಡಾದಿಡ್ಡಿ ಇರಬಾರದು. ಔಷಧಿ ಅಂಗಡಿಯಲ್ಲಿ ಡಬ್ಬಿ ಜೋಡಿಸಿ ಜೋಡಿಸಿ ಬಂದ ಗುಣ. ಸಂಜೆ ಬಂದವಳೇ ಕೈಕಾಲು ತೊಳೆದು ಅಪ್ಪನ ಹಾಡುಗಳ ಮುಂದೆ ಕೂರುತ್ತಿದ್ದಳು. ಒಬ್ಬನೇ ಗಾಯಕನ ಹೆಸರನ್ನು ತಮ್ಮ ನಾಲ್ಕು ಬಗೆಯಲ್ಲಿ ಬರೆದಿದ್ದ. ಕೆಲವಕ್ಕೆ 'ಹೊಸ ಹಾಡು', ಕೆಲವಕ್ಕೆ ಬರೀ ಅಂಕಿ. ಒಂದಕ್ಕೆ 'ಹಾಲಿನವನು ಕೊಟ್ಟಿದ್ದು' ಎಂದಿತ್ತು. ಒಂದೊಂದನ್ನೂ ಕೇಳಿ, ಫೋನಿನಲ್ಲಿ ಹುಡುಕಿ, ಸರಿಯಾದ ಹೆಸರು ಬರೆಯುತ್ತಿದ್ದಳು. ಮಗನ ಪೆನ್‌ಡ್ರೈವ್ ಅಳಿಸಿ, ತಿದ್ದಿದ ಕೆಲವನ್ನಷ್ಟೇ ಹೊಸದಾಗಿ ತುಂಬಿಸಿ ಕೊಟ್ಟಳು.

ನಾದಿನಿ ಬೇಳೆ ಆರಿಸುತ್ತ ಪಕ್ಕದಲ್ಲಿ ಕೂರತೊಡಗಿದಳು. ಮೊದಮೊದಲು ನೋಡುತ್ತಿದ್ದಳು. ಆಮೇಲೆ ಮೌಸ್ ಹಿಡಿದಳು. ಆಮೇಲೆ ಹುಕುಂ ಶುರುವಾಯಿತು.

"ಆ ಇಸ್ತ್ರಿ ಅನ್ನೋದನ್ನ ಅಳಿಸು."

"ಅದು ಇರಲಮ್ಮ. ನಾನು ಹೆಸರು ಮಾತ್ರ ತಿದ್ತೀನಿ. ಇದು ಅಪ್ಪ ಮಾಡಿದ ಕೆಲಸ."

"ಅಂಗಡಿ ಮಾತು ನನ್ನ ಅಡುಗೆಮನೇಲಿ ಯಾಕೆ?"

"ಕಂಪ್ಯೂಟರ್ ಅಡುಗೆಮನೆಗೆ ತಂದಿದ್ದು ನೀನು. ಅಪ್ಪ ಅಲ್ಲ."

"ಬಾಯಿ ಉದ್ದ ಆಯ್ತು ನಿನಗೆ."

"ನಿನ್ನ ಮಗಳು ತಾನೆ."

ಹೊಲಿಗೆಯಕ್ಕ ಒಂದು ಮಧ್ಯಾಹ್ನ ನಡುಬಾಗಿಲಿಗೆ ಬಂದು ನಿಂತಳು. ಹೊಸ್ತಿಲು ದಾಟಲಿಲ್ಲ.

"ಅಕ್ಕಾ, ಕತ್ತರಿ ಹಾಡು ಒಂದಿಷ್ಟು ನನ್ನ ಫೋನಿಗೆ ಹಾಕಿಸಿಕೊಡ್ತೀರಾ? ಸಮವಸ್ತ್ರ ಕತ್ತರಿಸಬೇಕು. ಯಾಕೋ ಕೈ ಗಾಬರಿ ಆಗುತ್ತೆ."

"ಇಷ್ಟು ವರ್ಷ ಕೇಳಿದ್ದೀಯಲ್ಲ, ಸಾಲದಾ? ಕಿವೀಲೇ ಇರಬೇಕು. ಹಾಡ್ಕೊಂಡು ಕತ್ತರಿಸು," ಎಂದಳು ನಾದಿನಿ.

"ಏನೇ ಅದು ಮಾತು!" ಎಂದು ನಾನು ಗದರಿದೆ.

"ನೀವು ಸುಮ್ಮನಿರಿ ಅತ್ತಿಗೆ. ತಮ್ಮ ನಿಮಗೆ. ಗಂಡ ನನಗೆ."

ಹೊಲಿಗೆಯಕ್ಕ ಬಂದ ಹಾಗೇ ಹೋದಳು. ಮೂಲೆಯಂಗಡಿಯ ದರ್ಜಿ ಅವಳನ್ನು ಕರೆಯುತ್ತಿದ್ದಾನೆ, ಅವಳು ಇನ್ನೂ ಹೂಂ ಅಂದಿಲ್ಲ, ಎಂಬ ಮಾತು ಅದೇ ವಾರ ನಮ್ಮ ಕಿವಿಗೆ ಬಿತ್ತು. ಮಗ ಊಟದ ತಟ್ಟೆಯ ಮುಂದೆ ತಾಯಿಗೆ ಹೇಳಿದ, "ಅವರು ಹೋದ್ರೆ ಸಮವಸ್ತ್ರ ನೀನು ಹೊಲೀತೀಯಾ? ಸೂಜಿಗೆ ದಾರ ಪೋಣಿಸೋಕೆ ನನ್ನ ಕರೀತೀಯ."

"ಹೋಗೋರು ಹೋಗಲಿ."

"ಹೋಗಲಿ. ನಾವು ಅಪ್ಪನ ಹಾಡು ಬೇಯಿಸಿಕೊಂಡು ತಿನ್ನೋಣ."

*

ಆ ವಾರವೇ ಅದು ನಡೆಯಿತು. ಮಕ್ಕಳಿಬ್ಬರೂ ಕೆಲಸಕ್ಕೆ ಹೋಗಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ನಾದಿನಿ ಒಬ್ಬಳೇ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಮಗಳು ಒಂದೇ ಗಾಯಕನ ಹಾಡುಗಳನ್ನೆಲ್ಲ ಒಟ್ಟಿಗೆ ಆರಿಸಿ ಹೆಸರನ್ನು ಒಂದೇ ಸಲ ತಿದ್ದುವುದನ್ನು ಅವಳು ನೋಡಿ ಕಲಿತಿದ್ದಳು. ಕಲಿತದ್ದನ್ನು ಮಾಡಿದಳು. ಇದ್ದಬದ್ದ ಹಾಡುಗಳನ್ನೆಲ್ಲ ಒಟ್ಟಿಗೆ ಹಿಡಿದು, ಬಗೆ ಎಂಬ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ 'ಮನೆ' ಎಂದು ಒತ್ತಿದಳು.

ಸಂಜೆ ಮಗಳು ಬಂದು ನೋಡಿದಳು. ಚೀಲ ಕೆಳಗಿಡುವುದನ್ನೂ ಮರೆತಳು.

"ಅಮ್ಮಾ, ಇದೇನು? ಎಲ್ಲದಕ್ಕೂ ಮನೆ ಅಂತಿದೆ. ಕತ್ತರಿ ಎಲ್ಲಿ? ಕಾಜ ಎಲ್ಲಿ?"

"ನಾನೇ ಬರೆದೆ. ಈಗ ಎಲ್ಲ ಮನೇದು."

"ಅಪ್ಪ ಬರೆದಿದ್ದೆಲ್ಲ ಹೋಯ್ತಲ್ಲಮ್ಮಾ!"

"ಹೋಯ್ತು ಅಂದ್ರೆ? ನೀನು ದಿನಾ ತಿದ್ತೀಯಲ್ವಾ? ವಾಪಸ್ ತಿದ್ದು."

"ಏನಂತ ತಿದ್ದಲಿ? ಯಾವ ಹಾಡಿಗೆ ಏನಿತ್ತು ಅಂತ ಯಾರಿಗೆ ಗೊತ್ತು? ಮೇಲೆ ಕಂಪ್ಯೂಟರನ್ನೂ ಆರಿಸಿಬಿಟ್ಟಿದ್ದೀಯ, ಇನ್ನು ಹಿಂದಕ್ಕೆ ಬರಲ್ಲ."

"ನನ್ನ ಪೆನ್‌ಡ್ರೈವಲ್ಲಿ ಇರಬಹುದು," ಎಂದ ಮಗ.

"ಅದರಲ್ಲಿದ್ದದ್ದನ್ನ ನಾನೇ ಅಳಿಸಿ ಕೊಟ್ಟೆನಲ್ಲೋ. ಹೊಸದರಲ್ಲಿ ಇರೋದು ಒಂದು ಹಿಡಿ ಅಷ್ಟೇ."

ಮಗಳು ಅಪ್ಪ ಸತ್ತ ದಿನ ಅತ್ತಿದ್ದಕ್ಕಿಂತ ಹೆಚ್ಚು ಅತ್ತಳು. ತಾಯಿ ಮಾಡಿದ ಅಡುಗೆ ಮುಟ್ಟಲಿಲ್ಲ. ಮರುದಿನದಿಂದ ಬೆಳಗಿನ ತಿಂಡಿಯನ್ನು ಕಟ್ಟಿಸಿಕೊಳ್ಳದೆ ಹೊರಟಳು. ಸಂಜೆ ನನ್ನ ಕೈಯಿಂದ ತಟ್ಟೆ ಇಸಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಉಂಡಳು. ತಾಯಿ ಮಗಳು ನನ್ನ ಮೂಲಕ ಮಾತಾಡುತ್ತಿದ್ದರು. "ಅತ್ತೆ, ಅವರಿಗೆ ಹೇಳಿ, ಸೋಪು ಮುಗಿದಿದೆ." "ಅತ್ತಿಗೆ, ಅವಳಿಗೆ ಹೇಳಿ, ಮುಗಿದದ್ದು ಗೊತ್ತಾದ ಹಾಗೇ ತರೋದೂ ಗೊತ್ತಿರಬೇಕು." ನಾನು ಇಬ್ಬರ ನಡುವೆ ಅಂಚೆಯವಳಾದೆ.

ನಾದಿನಿ ಬೆಳಗಿನಿಂದ ಹಾಡು ಹಾಕಿಕೊಂಡೇ ಕೆಲಸ ಮಾಡಿದಳು. ಒಲೆ ಹಚ್ಚುವಾಗ ಯಾರೋ ಅಳುವ ಹಾಡು. ಕಸ ಗುಡಿಸುವಾಗ ಜೋಗುಳ. ಅಕ್ಕಿ ತೊಳೆಯುವಾಗ ಎದೆ ನಡುಗಿಸುವ ಡೋಲು. ಒಂದಕ್ಕೂ ಒಂದಕ್ಕೂ ಹೊಂದಾಣಿಕೆ ಇಲ್ಲ. ಮೂರನೆಯ ದಿನಕ್ಕೆ ತಾನೇ ಆರಿಸಿ ಕುಳಿತಳು.

"ಅತ್ತಿಗೆ, ಎಲ್ಲ ನಂದಾಯ್ತು ಅಂದ್ಕೊಂಡೆ. ಈಗ ಇದು ಯಾರೋ ಬೀದಿಯವರ ರೇಡಿಯೋ ಇದ್ದ ಹಾಗಿದೆ. ಇವರು ಎಲ್ಲೂ ಸಿಕ್ತಿಲ್ಲ."

ಅವಳ ತಲೆ ಸವರಿದೆ. ಅವಳು ಕೈ ಸರಿಸಿದಳು.

*

ಇದಾದ ಮೇಲೆ ಒಂದು ಬೆಳಿಗ್ಗೆ ಹೊಲಿಗೆಯಕ್ಕ ಹೊಸ್ತಿಲು ದಾಟಿ ಒಳಗೇ ಬಂದಳು. ಕೈಯಲ್ಲಿ ಕತ್ತರಿಸಿದ ಬಟ್ಟೆ.

"ತಪ್ಪಿತು ಅಕ್ಕ. ತೋಳು ಗಿಡ್ಡ ಕತ್ತರಿಸಿಬಿಟ್ಟೆ. ಒಂದರ ಮೇಲೊಂದು ಹಾಕಿ ಕತ್ತರಿಸಿದ್ದು, ಅಷ್ಟೂ ಹಾಳು. ಶಾಲೆಯವರಿಗೆ ಏನು ಹೇಳಲಿ? ನನ್ನ ಕೈಲಿ ಆಗಲ್ಲ. ನಾನು ಮೂಲೆಯಂಗಡಿಗೆ ಹೋಗ್ತೀನಿ. ಅಲ್ಲಿ ಬರೀ ಹೊಲಿಗೆ."

"ಹಾಡಿಲ್ದೆ ಕತ್ತರಿ ಹಿಡಿಯೋಕೆ ಬರಲ್ವಾ ನಿನಗೆ?" ಎಂದಳು ನಾದಿನಿ.

"ಬರುತ್ತೆ. ಮಾಸ್ಟರ್ ಕೂರ್ತಿದ್ದ ಆ ಸ್ಟೂಲು ಖಾಲಿ ಇರೋದು ಕಣ್ಣಿಗೆ ಬೀಳುತ್ತೆ. ಹಾಡು ಇದ್ರೆ ಇಲ್ಲೇ ಎಲ್ಲೋ ಹೊರಗೆ ಹೋಗಿದ್ದಾರೆ ಅಂತ ಕೈ ನಂಬುತ್ತೆ."

"ನಿನ್ನ ಕಣ್ಣಿಗೆ ಯಾಕೆ ಬೀಳಬೇಕು ಅವರ ಸ್ಟೂಲು? ಯಾವ ಸಂಬಂಧಕ್ಕೆ?"

"ಲೇ, ಸಾಕು," ಎಂದೆ.

"ಸಾಕಾಗಿಲ್ಲ ಅತ್ತಿಗೆ, ಇವತ್ತು ಕೇಳೇ ಬಿಡ್ತೀನಿ. ಬೆಳಗಿಂದ ಸಂಜೆವರೆಗೆ ಹಾಡು ಹಾಕ್ಕೊಂಡು ಇಬ್ಬರೂ ಗೋಡೆ ಆಚೆ. ನಾನು ಈಚೆ ಪಾತ್ರೆ ತೊಳೀತಾ. ಅಷ್ಟು ಹಾಡಲ್ಲಿ ನಿನಗೆ ಅಂತ ಎಷ್ಟು ಇಟ್ಟಿದ್ರು, ಹೇಳು!"

ಹೊಲಿಗೆಯಕ್ಕ ಬಟ್ಟೆಯನ್ನು ಮಡಿಲಲ್ಲಿ ಹಾಕಿಕೊಂಡು ನೆಲದ ಮೇಲೇ ಕುಳಿತುಬಿಟ್ಟಳು.

"ನನಗಾ? ನನಗೆ ಯಾವ ಹಾಡು ಇಷ್ಟ ಅಂತ ಅವರು ಒಂದು ದಿನ ಕೇಳಲಿಲ್ಲ ಅಕ್ಕ. ಅವರು ಹಾಡು ಇಟ್ಟಿದ್ದು ಬಟ್ಟೆಗೆ. ನನಗೆ ಸಿಕ್ಕಿದ್ದು ಅರ್ಧ ಹಾಡು."

"ಅರ್ಧ ಏನು?"

"ನೀವು ಮಧ್ಯಾಹ್ನ ಗೋಡೆ ಈಚೆಯಿಂದ 'ಊಟಕ್ಕೆ ಬನ್ನಿ' ಅಂತ ಒಂದೇ ಸಲ ಕೂಗ್ತಿದ್ರಿ. ಕತ್ತರಿ ಅಲ್ಲೇ ಇಟ್ಟು, ಹಾಡು ಎಲ್ಲಿದೆಯೋ ಅಲ್ಲೇ ನಿಲ್ಲಿಸಿ, ಎದ್ದು ಬಂದುಬಿಡೋರು. ಒಂದು ಸಾಲು ಮುಗೀಲಿ ಅಂತಲೂ ಕಾದವರಲ್ಲ. ಊಟ ಮಾಡಿ ಬಂದ ಮೇಲೆ ಹೊಲಿಗೆ ಕೆಲಸ, ಹೊಲಿಗೆ ಹಾಡು. ಕತ್ತರಿ ಹಾಡಿನ ಕೊನೆ ನನ್ನ ಕಿವಿಗೆ ಬಿದ್ದಿದ್ದೇ ಕಮ್ಮಿ. ನಾನು ಡಬ್ಬಿ ಬಿಚ್ಚಿ ಒಬ್ಬಳೇ ಉಣ್ತಾ ಕೂತಿರ್ತಿದ್ದೆ. ನಿಮ್ಮ ಆ ಒಂದು ಕೂಗಿಗೆ ನನಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ನಾನು ಗಂಟಲು ಹರಕೊಂಡು ಕೂಗಿದ್ರೂ ಎದ್ದು ಬರೋರು ನನ್ನ ಮನೇಲಿ ಯಾರಿದ್ದಾರೆ?"

ಒಲೆಯ ಮೇಲೆ ಹಾಲು ಉಕ್ಕಿತು. ನಾನು ಹೋಗಿ ಇಳಿಸಿದೆ. ತಿರುಗಿ ಬಂದಾಗ ಇಬ್ಬರೂ ಹಾಗೇ ಇದ್ದರು, ಒಬ್ಬಳು ನಿಂತು, ಒಬ್ಬಳು ಕುಳಿತು.

"ಒಂದೇ ಸಲಕ್ಕಾ?" ಎಂದಳು ನಾದಿನಿ. "ನಾನು ಗಮನಿಸಿರಲೇ ಇಲ್ಲ."

"ನಿಮಗೆ ಅಭ್ಯಾಸ. ನನಗೆ ಅಲ್ಲ."

ನಾದಿನಿ ಹಾಳಾದ ಬಟ್ಟೆಯನ್ನು ಅವಳ ಮಡಿಲಿಂದ ತೆಗೆದು ಬಿಡಿಸಿ ನೋಡಿದಳು. "ಇದು ಚಿಕ್ಕ ತರಗತಿಯವರಿಗೆ ಆಗಲ್ವಾ? ಅವರಿಗೆ ಗಿಡ್ಡ ತೋಳೇ ತಾನೇ," ಎಂದಳು.

ಹೊಲಿಗೆಯಕ್ಕ ಬಟ್ಟೆ ತಿರುಗಿಸಿ ಗೇಣು ಹಾಕಿದಳು. "ಆಗುತ್ತೆ," ಎಂದಳು. "ಒಂದಿಷ್ಟು ಆಗುತ್ತೆ."

*

ಮಗ ಕಂಪ್ಯೂಟರನ್ನು ಮತ್ತೆ ಅಂಗಡಿಗೆ ಹೊತ್ತ. "ಇದಕ್ಕೆ ಚಕ್ರ ಹಾಕಿಸೋಣ ಅಮ್ಮ, ಮುಂದಿನ ಜಗಳಕ್ಕೆ ಸುಲಭ," ಎಂದ. ನಾದಿನಿಯೂ ಅದರ ಹಿಂದೆಯೇ ಹೋದಳು. ತಮ್ಮನ ಸ್ಟೂಲಿನ ಮೇಲೆ ತಾನು ಕುಳಿತಳು. ಗುಂಡಿ ಹಾಕುವ ಕೆಲಸ ತೆಗೆದುಕೊಂಡಳು. ದಾರ ಪೋಣಿಸಲು ಹೊಲಿಗೆಯಕ್ಕನನ್ನೇ ಕೇಳಿದಳು. ಮೌಸ್ ಮಾತ್ರ ಬಿಟ್ಟುಕೊಡಲಿಲ್ಲ.

"ನೀನು ಮುಟ್ಟಬೇಡ. ಯಾವುದು ಬೇಕು ಹೇಳು, ನಾನು ಹಾಕ್ತೀನಿ."

"ಹೂಂ, ಹಾಕಿ."

ಅಳಿಸಿದ್ದನ್ನು ಮತ್ತೆ ಬರೆಯುವ ಕೆಲಸ ಹೀಗೆ ಶುರುವಾಯಿತು. ತಮ್ಮ ಯಾವುದಕ್ಕೆ ಏನೆಂದು ಬರೆದಿದ್ದನೋ ಹೊಲಿಗೆಯಕ್ಕನಿಗೂ ಪೂರ್ತಿ ನೆನಪಿರಲಿಲ್ಲ. ಒಂದು ಹಾಡು ಹಾಕುವುದು, ಅವಳು ಕತ್ತರಿ ಆಡಿಸಿ ನೋಡುವುದು, ಆಮೇಲೆ ಇಬ್ಬರೂ ಕಿತ್ತಾಡುವುದು.

"ಇದು ಕತ್ತರಿ."

"ಅಲ್ಲ ಅಕ್ಕ, ಇದಕ್ಕೆ ಕೈ ಜಾರುತ್ತೆ. ಇದು ಹೊಲಿಗೆ."

"ನೀನು ಹೇಳಿದ್ದೇ ವೇದವಾ?"

"ಕತ್ತರಿ ಹಿಡಿದಿರೋಳು ನಾನು."

ಸಂಜೆ ಮಗಳು ಬಂದು ಅವರು ಒಪ್ಪಿದ್ದನ್ನು ಬರೆಯುತ್ತಿದ್ದಳು. ತಾಯಿಯ ಜೊತೆ ಮಾತು ಮೊದಲಾದದ್ದೂ ಅಲ್ಲೇ. "ಇದಕ್ಕೆ ಏನಂತ ಬರೀಲಮ್ಮ?" ಎಂದು ಬಾಯಿ ತಪ್ಪಿ ಕೇಳಿದಳು. ತಾಯಿ ಗುಂಡಿಯಿಂದ ಕಣ್ಣೆತ್ತದೆ ಉತ್ತರ ಕೊಟ್ಟಳು. ಕೆಲವು ಹಾಡುಗಳನ್ನು ಮಾತ್ರ ನಾದಿನಿ ಯಾರು ಏನೆಂದರೂ ಬಿಡಲಿಲ್ಲ. "ಇದು ಮನೇದು," ಎನ್ನುತ್ತಿದ್ದಳು. ಯಾಕೆ ಎಂದು ಕೇಳಿದರೆ, "ನನಗೆ ಬೇಕು, ಅದಕ್ಕೆ." ಹೊಲಿಗೆಯಕ್ಕ ತುಟಿ ಕಚ್ಚಿ ಬಟ್ಟೆಯ ಕಡೆ ತಿರುಗುತ್ತಿದ್ದಳು. ಅವುಗಳಲ್ಲಿ ಒಂದೆರಡು ಅವಳಿಗೂ ಬೇಕಾಗಿದ್ದವು ಎಂದು ನನಗೆ ಕಾಣುತ್ತಿತ್ತು.

ಸಮವಸ್ತ್ರದ ಕೊನೆಯ ಕಂತು ಕತ್ತರಿಸುವ ದಿನ ಅಡುಗೆ ನನ್ನದಾಗಿತ್ತು. ಅನ್ನ ಇಳಿಸಿ, ತಟ್ಟೆ ತೊಳೆದಿಟ್ಟು, "ಊಟಕ್ಕೆ ಬನ್ರೇ," ಎಂದು ಗೋಡೆಯ ಈಚೆಯಿಂದ ಕೂಗಿದೆ. ಯಾರೂ ಬರಲಿಲ್ಲ. ಹೋಗಿ ನೋಡಿದೆ. ನಿಧಾನದ ಒಂದು ಹಾಡು ಅರ್ಧಕ್ಕೆ ಬಂದಿತ್ತು. ಹೊಲಿಗೆಯಕ್ಕ ಕತ್ತರಿ ಕೆಳಗಿಟ್ಟು ಡಬ್ಬಿಗೆ ಕೈ ಹಾಕಿದ್ದಳು. ನಾದಿನಿಯ ಕೈ ಮೌಸಿನ ಮೇಲಿತ್ತು. ಆದರೆ ಒತ್ತಿರಲಿಲ್ಲ.

"ಬಂದೆ ಅತ್ತಿಗೆ. ಇದೊಂದು ಮುಗೀಲಿ," ಎಂದಳು.

ಮೂವರೂ ನಿಂತು ಕೇಳಿದೆವು. ಹೊಲಿಗೆಯಕ್ಕ ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳಿದಳು. ಹಾಡು ಕೊನೆಯವರೆಗೂ ಹೋಗಿ ನಿಂತಿತು. ಅವಳು ಕಣ್ಣು ಬಿಟ್ಟಳು.

"ಇಷ್ಟೇನಾ? ಮೊದಲು ಹೇಳಿದ್ದನ್ನೇ ತಿರುಗಾ ಹೇಳಿದನಲ್ಲ!"

"ಮತ್ತೇನು ಅಂದ್ಕೊಂಡಿದ್ದೆ?"

"ಏನೋ ಇರುತ್ತೆ ಅಂತ... ಅಯ್ಯೋ, ಇಷ್ಟು ವರ್ಷ ಇದಕ್ಕಾ ನಾನು ಹೊಟ್ಟೆ ಉರ್ಕೊಂಡಿದ್ದು!"

ನಾದಿನಿಗೆ ನಗು ಬಂತು. ತಡೆದಳು, ಆಗಲಿಲ್ಲ. ಮೇಜಿಗೆ ಹಣೆ ಇಟ್ಟು ನಕ್ಕಳು. ತಮ್ಮ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಹೊಲಿಗೆಯಕ್ಕ ಪಕ್ಕದಲ್ಲಿ ನಿಂತಿದ್ದಳು, ಮುಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾದಿನಿ ಮೂಗು ಒರೆಸಿಕೊಂಡು ಎದ್ದಳು.

"ಡಬ್ಬಿ ತಗೊಂಡು ಒಳಗೆ ಬಾ. ಅಲ್ಲೇ ಉಣ್ಣು," ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. "ಕಿಟಕಿ ಕಡೆ ಮಾತ್ರ ಕೂರಬೇಡ. ಅದು ಅವರ ಜಾಗ."

"ಗೊತ್ತಾಯ್ತು ಅಕ್ಕ."

"ನಿನಗೆ ಅದೂ ಗೊತ್ತಿತ್ತಾ?"

"ಇಲ್ಲ ಅಕ್ಕ. ನೀವು ಹೇಳಿದ ಮೇಲೆ ಗೊತ್ತಾಯ್ತು."

ನಾದಿನಿ ಅವಳ ಮುಖವನ್ನೊಮ್ಮೆ ದಿಟ್ಟಿಸಿ ನೋಡಿ, ನಂಬಿ, ಒಳಗೆ ಹೋದಳು. ನಾನು ಇಬ್ಬರಿಗೂ ಅನ್ನ ಬಡಿಸಿದೆ. ಕಿಟಕಿಯ ಕಡೆಯ ಜಾಗ ಖಾಲಿ ಇತ್ತು. ಅಲ್ಲಿಗೆ ಬಂದಾಗ ಬಡಿಸುವ ಕೈ ನಿಂತಿತು.

ದೇವರೇ, ನನ್ನ ತಮ್ಮ ದೊಡ್ಡ ಭಕ್ತನಲ್ಲ, ಕೆಟ್ಟವನೂ ಅಲ್ಲ. ಕೈಗೆ ಬಂದ ಬಟ್ಟೆಯನ್ನು ಹಾಳು ಮಾಡದೆ ಬದುಕಿದವನು. ಅವನನ್ನು ನಿನ್ನ ಬಳಿ ನೆರಳಿರುವ ಕಡೆ ಕೂರಿಸಿಕೋ. ಕೇಳಿದ ನೀರು ಅವನಿಗೆ ಸಿಗಲಿಲ್ಲ, ನೀನು ಕೊಡು. ನಾವು ಇಲ್ಲಿ ಅವನಿಗಾಗಿ ಕಿತ್ತಾಡುವುದು ಅವನ ಕಿವಿಗೆ ಬೀಳದಿರಲಿ. ಅವನ ಜೀವ ತಣ್ಣಗಿರಲಿ, ತಂದೆ.